ಕಿರೀಟಕ್ಕೊಂದು ಗೋಡೆ

ತಣ್ಣಗಿದೆ, ಅಷ್ಟೆ, ತಣ್ಣಗಿರುವುದೆಲ್ಲ ಒದ್ದೆಯಾಗಿರಬೇಕು ಎಂದೇನಿಲ್ಲ, ಅರ್ಧ ಮೈ ಮಣ್ಣಿನೊಳಗೆ ಹುಗಿದುಕೊಂಡ ಗೋಡೆ ಏಪ್ರಿಲ್ ತಿಂಗಳಲ್ಲಿ ತಣ್ಣಗಿರದೆ ಬಿಸಿಯಾಗಿರುತ್ತದೆಯೇ, ಎಂದು ಝುಲ್ಮೀರಾ ತನಗೆ ತಾನೇ ಹೇಳಿಕೊಳ್ಳುತ್ತಾಳೆ, ಹೇಳಿಕೊಳ್ಳುತ್ತಲೇ ಬೆರಳನ್ನು ಲಂಗಕ್ಕೆ ಒರೆಸುತ್ತಾಳೆ, ಒದ್ದೆಯಿಲ್ಲದ ಬೆರಳನ್ನು ಯಾರಾದರೂ ಒರೆಸುತ್ತಾರೆಯೇ — ಹಲಗೆ ಹಿಡಿಯೇ, ಇನ್ನೂ ಸ್ವಲ್ಪ ಎತ್ತು, ನಿಂತಲ್ಲೇ ನಿದ್ದೆ ಹೋದ್ಯಾ, ಅನ್ನುತ್ತಾನೆ ಅಪ್ಪ, ತುಟಿಗಳ ನಡುವೆ ಮೊಳೆ ಕಚ್ಚಿಕೊಂಡೇ, ಮೊಳೆಗಳ ಸಂದಿಯಿಂದ ಮಾತು ಸೀಳಿಕೊಂಡು ಬರುತ್ತದೆ, ಅವಳು ಎತ್ತುತ್ತಾಳೆ, ಪೈನ್ ಹಲಗೆಯ ಹಸಿ ರಾಳದ ವಾಸನೆ ಮೂಗಿಗೆ ಬಡಿಯುತ್ತದೆ, ಈ ಹಲಗೆಯ ಅಂಚಿನ ನಾಲಿಗೆ ಪಕ್ಕದ ಹಲಗೆಯ ಬಾಯೊಳಗೆ ಕೂರಬೇಕು, ಕೂರುತ್ತಿಲ್ಲ, ಅಂಗೈಯಿಂದ ಗುದ್ದುತ್ತಾಳೆ, ಟಪ್ ಎಂದು ಕೂತಿತು, ಅಪ್ಪ ಮೊಳೆಯಿಟ್ಟು ಹೊಡೆಯುತ್ತಾನೆ, ಗೋಡೆಗೆ ಅಡ್ಡಡ್ಡ ಬಡಿದ ರೀಪಿಗೆ ಮೊಳೆ ಇಳಿಯುವಾಗ ಕಾಂಕ್ರೀಟಿನೊಳಗಿಂದ ಒಂದು ಟೊಳ್ಳು ಸದ್ದು ವಾಪಸು ಬರುತ್ತದೆ, ಆ ಕಡೆಯಿಂದ ಯಾರೋ ಬಾಗಿಲು ತಟ್ಟಿದ ಹಾಗೆ, ಆ ಕಡೆ ಯಾರಿರುತ್ತಾರೆ, ಮಣ್ಣು, ಚಳಿಗಾಲದ ಹಿಮವನ್ನೆಲ್ಲ ಕುಡಿದು ಉಬ್ಬಿದ ಫಾಲ್ ರಿವರ್ ಎಂಬ ಈ ಊರಿನ ಮಣ್ಣು. ಎಡಮೂಲೆಯಿಂದ ಹೊರಟಿದ್ದಾರೆ, ಬಲಮೂಲೆ ಮುಟ್ಟಬೇಕು, ಇವತ್ತೇ, ನಾಳೆ ಭಾನುವಾರ, ಬಲಿಪೂಜೆ ಮುಗಿದದ್ದೇ ತಡ ಮೆರವಣಿಗೆ ಈ ಬೀದಿಗೆ ತಿರುಗುತ್ತದೆ, ತುದಿಯಲ್ಲಿ ಪಾರಿವಾಳವಿರುವ ಪವಿತ್ರಾತ್ಮನ ಬೆಳ್ಳಿ ಕಿರೀಟ, ಈ ಸಲ ಚೀಟಿ ಎತ್ತಿದಾಗ ಇವರ ಮನೆಯ ಪಾಲಿಗೆ ಬಂದ ಕಿರೀಟ, ಈ ಮೆಟ್ಟಿಲಿಳಿದು ಬಂದು ಈ ಗೋಡೆಯ ಮುಂದೆ ಕೂರುತ್ತದೆ, ವಾರವಿಡೀ, ಸಂಜೆ ಸಂಜೆ ಜಪಮಾಲೆ ಹಿಡಿದು ಅರ್ಧ ಬೀದಿ ನೆಲಮಾಳಿಗೆಗೆ ಇಳಿದು ಬರುತ್ತದೆ, ಬಂದವರೆಲ್ಲ ಹಲಗೆ ನೋಡಿ ಎಷ್ಟು ಚಂದ ಎನ್ನುತ್ತಾರೆ, ಹಲಗೆಯ ಹಿಂದೆ ಏನಿದೆ ಎಂದು ಪ್ರಾರ್ಥನೆಗೆ ಬಂದವರು ಯಾಕೆ ಕೇಳುತ್ತಾರೆ.

ಒಣಗಿದೆ ಅಪ್ಪ. ಬೆಳಿಗ್ಗೆ ಆಡಿದ್ದು ಇಷ್ಟೇ ಮಾತು, ಇಷ್ಟು ಚಿಕ್ಕ ಮಾತು ದಿನವಿಡೀ ಬಾಯಲ್ಲಿ ಉಳಿಯುತ್ತದೆಂದು ಗೊತ್ತಿರಲಿಲ್ಲ, ಮೀನಿನ ಮುಳ್ಳಿನ ಹಾಗೆ, ನುಂಗಿದರೂ ಇಳಿಯುವುದಿಲ್ಲ, ಕೆಮ್ಮಿದರೂ ಬರುವುದಿಲ್ಲ. ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಗೋಡೆಗೆ ಹಚ್ಚಿ ನಾಲ್ಕೂ ಅಂಚಿಗೆ ಟೇಪು ಬಿಗಿದು ಬಿಟ್ಟಿದ್ದು ಅಪ್ಪನೇ, ಮರದಂಗಡಿಯವನು ಹೇಳಿಕೊಟ್ಟ ಉಪಾಯ, ಹಾಳೆಯ ಹೊರಮೈ ಒದ್ದೆಯಾದರೆ ಅದು ನಮ್ಮ ಉಸಿರು, ಕೋಣೆಯ ಗಾಳಿ, ಚಿಂತೆಯಿಲ್ಲ, ಒಳಮೈ ಒದ್ದೆಯಾದರೆ ನೀರು ಗೋಡೆಯೊಳಗಿಂದ ಬರುತ್ತಿದೆ ಅಂತ ಅರ್ಥ, ಆಗ ಮರ ಹೊಡೆಯಬಾರದು. ಹೊಡೆಯಬಾರದು ಅಂದರೆ ಹೊಡೆಯಬಾರದು, ಅಪ್ಪ ಅಂದಿದ್ದ, ಊಟದ ಮೇಜಿನ ಮೇಲೆ ಚಮಚ ಕುಟ್ಟಿ ಅಂದಿದ್ದ, ಒದ್ದೆ ಗೋಡೆಗೆ ಮರ ಹೊದಿಸೋದು ಅಂದ್ರೆ ಗೋಡೆಗೆ ಸುಳ್ಳು ಹೊದಿಸಿದ ಹಾಗೆ, ನಾನು ಹುಟ್ಟಿದಾಗಿಂದ ಗೋಡೆ ಕಟ್ಟಿದೋನು, ಒಂದು ಗೋಡೆಗೂ ಸುಳ್ಳು ಹೇಳಿಲ್ಲ, ಒದ್ದೆ ಬಂತೋ, ನಮ್ಮ ಚೀಟಿ ಇಗರ್ಜಿ ಸಂಘಕ್ಕೆ ವಾಪಸು, ಕಿರೀಟ ಮುಂದಿನ ಹೆಸರಿಗೆ ಹೋಗಲಿ. ಆಗ ಅಮ್ಮ ಸೂಪಿನಲ್ಲಿ ಅದ್ದಿದ ಬ್ರೆಡ್ಡಿನ ತುಂಡನ್ನು ತಟ್ಟೆಯಂಚಿಗೆ ತಳ್ಳಿದಳು, ಅದನ್ನು ನೋಡುತ್ತ ಕೂತಳು, ಉಸಿರಿಗೆ ಕಾಯುತ್ತ ಕೂತಳು. ಅದಕ್ಕೇ ಝುಲ್ಮೀರಾ ಈ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಇಳಿದು ಬಂದಳು, ಹಾಳೆಯ ಹೊರಮೈ ಸವರಿದಳು, ಒಣ, ಕಾಗದದಷ್ಟು ಒಣ, ಎದೆ ಹಗುರಾಯಿತು, ಟೇಪಿನ ಒಂದು ಅಂಚು ಕಿತ್ತಳು — ಒಳಗೆ, ಕುದಿಯುವ ಪಾತ್ರೆಯ ಮುಚ್ಚಳ ತೆಗೆದು ಮಗುಚಿದ ಹಾಗೆ, ಹನಿ, ಹನಿಯ ಪಕ್ಕ ಹನಿ, ಒಂದು ಹನಿ ಇನ್ನೊಂದನ್ನು ಮುಟ್ಟಿದ್ದೇ ಎರಡೂ ಸೇರಿ ಜಾರಿ ಅವಳ ಮಣಿಕಟ್ಟಿಗೆ ಇಳಿಯಿತು. ಹಾಳೆಯನ್ನು ಏಪ್ರನ್ನಿಗೆ ಒರೆಸಿದಳು, ಗೋಡೆಯನ್ನೂ ಒರೆಸಿದಳು, ಯೋಚಿಸಿ ಮಾಡಿದ್ದಲ್ಲ, ಕೈ ಮಾಡಿತು, ಮೇಜಿನ ಮೇಲೆ ಹಾಲು ಚೆಲ್ಲಿದರೆ ಕೈ ಮುಂದಾಗುವುದಿಲ್ಲವೇ ಹಾಗೆ, ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಪ್ಪನ ಬೂಟು. ಏನಾಯ್ತು ಮಗಳೇ? ಒಣಗಿದೆ ಅಪ್ಪ.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಅಪ್ಪ ಅಷ್ಟಕ್ಕೇ ಒಪ್ಪುವವನಲ್ಲ, ಹಾಳೆ ಗೀಳೆ ಅಂಗಡಿಯವರ ಆಟ, ನನ್ನ ಅಂಗೈ ಇದೆಯಲ್ಲ, ಎನ್ನುತ್ತ ಗೋಡೆಗೆ ಬಂದ, ಕಣ್ಣು ಮುಚ್ಚಿದ, ಬಲಗೈಯ ಅಂಗೈಯನ್ನು ಗೋಡೆಗೆ ಊರಿದ, ಅವಳು ಉಸಿರು ಬಿಗಿಹಿಡಿದಳು, ಮುಗಿಯಿತು, ಬಿಟ್ಟು ಬಂದ ಹುಟ್ಟೂರು ಫಾಯಲ್ ದ್ವೀಪದ ಕರಿಕಲ್ಲಿನ ಗೋಡೆಗಳನ್ನು ಈ ಅಂಗೈ ಮುಟ್ಟಿ ನಾಳೆ ಮಳೆ, ನಾಡಿದ್ದು ಗಾಳಿ ಎಂದು ಹೇಳುತ್ತಿತ್ತು, ಊರಿಗೆ ಊರೇ ಕೇಳಲು ಬರುತ್ತಿತ್ತು, ಎವರಿಸ್ತು, ಹುಲ್ಲು ಕೊಯ್ಯಲಾ ಬೇಡವಾ, ಗೋಡೆ ಮುಟ್ಟಿ ಹೇಳು, ಮತ್ತೀಗ ಅದೇ ಅಂಗೈ ಊರಿದ ಜಾಗದ ಸುತ್ತ, ಅವಳು ಒರೆಸಲು ಮರೆತ ಜಾಗ, ಬೆರಳುಗಳ ಸಂದಿಯಲ್ಲಿ ನೀರು ಮಿನುಗುತ್ತಿದೆ, ಅವಳಿಗೆ ಕಾಣುತ್ತಿದೆ, ಅಪ್ಪ ತಲೆದೂಗುತ್ತಾನೆ, ಹೂಂ, ಸುಣ್ಣದ ಹಾಗೆ ಒಣಗಿದೆ, ಅನ್ನುತ್ತಾನೆ. ಒದ್ದೆ ಅಂಗೈಯನ್ನು ಹಾಗೇ ಜೇಬಿಗೆ ಇಳಿಬಿಡುತ್ತಾನೆ. ಆಗ ತಿಳಿಯಿತು. ಅಂಗಿಯ ತೋಳಿನ ಗುಂಡಿಯನ್ನು ಅಮ್ಮನೇ ಹಾಕಬೇಕು ಎಂದು ಹಟ ಮಾಡುವುದು ಯಾಕೆಂದು, ಚಿಲ್ಲರೆಯನ್ನು ಎಣಿಸದೆ ಕೌಂಟರಿನ ಮೇಲೆ ಸುರಿಯುವುದು ಯಾಕೆಂದು, ಸಕ್ಕರೆ ಕಾಯಿಲೆ ಕಾಲಿಗಿಳಿದಿದೆ ಎಂದಿದ್ದರು ಡಾಕ್ಟರು, ಕೈಗೂ ಬಂದಿದೆ ಎಂದು ಯಾರೂ ಹೇಳಿರಲಿಲ್ಲ, ಅಪ್ಪ ಹೇಳಗೊಡಲಿಲ್ಲ. ಬೆರಳು ಸತ್ತಿವೆ. ಅವಳು ಸುಳ್ಳು ಹೇಳಿದಳು, ಅವನು ಆ ಸುಳ್ಳಿಗೆ ಸಾಕ್ಷಿ ಹೇಳಿದ, ಯಾರದ್ದು ದೊಡ್ಡದು, ಕುರುಡನ ಕೈಯಲ್ಲಿ ಖೋಟಾ ನಾಣ್ಯ ಇಟ್ಟವಳು, ಅಯ್ಯೋ, ಬೇಡ, ಆ ಕಡೆ ಹೋಗಬೇಡ, ಹಲಗೆ ಹಿಡಿ.

ಹಲಗೆ ಹಿಡಿದಿದ್ದಾಳೆ. ಮುಂದಿನ ಹಲಗೆಗೆ ಮುಂಚೆ ಬಟ್ಟೆ. ಅಪ್ಪ ಗರಗಸಕ್ಕೆ ಬಗ್ಗಿದಾಗ, ರಸಮಟ್ಟ ಹುಡುಕಲು ತಿರುಗಿದಾಗ, ಅವಳು ಏಪ್ರನ್ನಿನೊಳಗಿನ ಚಿಂದಿಯನ್ನು ಎಳೆದು ರೀಪುಗಳ ನಡುವಿನ ಕಾಂಕ್ರೀಟನ್ನು ಒರೆಸುತ್ತಾಳೆ, ತಾನು ದುಡಿಯುವ ಪರದೆ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ ಆಚೆ ನೋಡಿದಾಗ ತಪ್ಪು ಹೊಲಿಗೆ ಬಿಚ್ಚುವ ಹಾಗೆ, ಒರೆಸಿದ ಜಾಗ ಮಂಕಾಗುತ್ತದೆ, ಇನ್ನೊಂದು ಹಲಗೆ ಮುಚ್ಚುವಷ್ಟು ಹೊತ್ತು ಮಂಕಾಗಿದ್ದರೆ ಸಾಕು. ದೀಪವನ್ನೂ ಅವಳೇ ಆ ಮೂಲೆಗೆ ಕಟ್ಟಿದ್ದು, ಇಲ್ಲಿದ್ದರೆ ಕಣ್ಣಿಗೆ ಹೊಡೆಯುತ್ತೆ ಅಪ್ಪ ಎಂದು, ಬೆಳಕು ಹಲಗೆಗಳ ಮೇಲೆ ಬೀಳುತ್ತದೆ, ಜೇನಿನ ಬಣ್ಣದ ಹಲಗೆ, ಗಂಟುಗಂಟಿನ ಹಲಗೆ, ಬರಿ ಗೋಡೆಯ ಮೇಲೆ ಅಪ್ಪನ ನೆರಳು ಬೀಳುತ್ತದೆ. ಧಡ್, ಧಡ್, ಧಡ್ — ಮತ್ತೆ ಒಂದು ಧಡ್ ಬೇರೆ ಸದ್ದಿನದು, ಮೆತ್ತಗೆ. ಸುತ್ತಿಗೆ ಹೆಬ್ಬೆರಳ ಮೇಲೆ ಬಿದ್ದಿದೆ, ಅಪ್ಪ ಮುಂದಿನ ಏಟಿಗೆ ಕೈಯೆತ್ತುತ್ತಿದ್ದಾನೆ, ಮುಖದಲ್ಲಿ ಒಂದು ಗೆರೆಯೂ ಕದಲಿಲ್ಲ, ಉಗುರಿನ ಬುಡದಿಂದ ರಕ್ತ ಹೊಸ ಹಲಗೆಯ ಮೇಲೆ ಹನಿಯುತ್ತಿದೆ, ಅಪ್ಪ ನಿಲ್ಲು, ಯಾಕೆ, ಬೆರಳು, ಯಾವ ಬೆರಳು, ಅಂದು ಕೆಳಗೆ ನೋಡಿದ, ನೋಡಿದ ಮೇಲೆ ಅಯ್ಯಯ್ಯೋ ಎಂದ, ತಡವಾಗಿ ಎಂದ, ಬೇರೆಯವರ ಮನೆಯ ಸಾವಿಗೆ ಅಳುವ ಹಾಗೆ, ಬೆರಳನ್ನು ಬಾಯಿಗಿಟ್ಟು ಚೀಪಿದ, ಸಖತ್ ನೋವು ಮಾರಾಯ್ತಿ ಎಂದ. ಅವಳು ಚಿಂದಿಯಿಂದಲೇ ಬೆರಳು ಸುತ್ತಿದಳು, ಗೋಡೆಯ ನೀರು ಕುಡಿದ ಚಿಂದಿ, ಒದ್ದೆ ಚಿಂದಿ, ಗೊತ್ತಾಗಿಬಿಟ್ಟರೆ, ಗೊತ್ತಾಗುವುದಿಲ್ಲ, ಅವನಿಗೆ ಏನೂ ಗೊತ್ತಾಗುವುದಿಲ್ಲ, ಇದಕ್ಕೆ ಖುಷಿ ಪಡಬೇಕೇ.

ಮೇಲಿನಿಂದ ಪೊರಕೆಯ ಹಿಡಿ ನೆಲಕ್ಕೆ ಕುಟ್ಟುತ್ತದೆ, ಟಕ್ ಟಕ್, ಅಮ್ಮ. ನೆಲದಲ್ಲಿ ಬಿಸಿಗಾಳಿ ಏರುವ ಕಬ್ಬಿಣದ ಜಾಲರಿಯೊಂದಿದೆ, ಅದರ ಪಕ್ಕಕ್ಕೇ ಕುರ್ಚಿ ಹಾಕಿಸಿಕೊಂಡಿದ್ದಾಳೆ, ಅಲ್ಲಿಂದ ದನಿ ಕೆಳಗಿಳಿಯುತ್ತದೆ, ಎವರಿಸ್ತೂ, ಗಂಟು ಜಾಸ್ತಿ ಇರೋ ಹಲಗೆನೆಲ್ಲ ಮೂಲೆಗೆ ಹಾಕು, ಪವಿತ್ರಾತ್ಮನ ಬೆನ್ನ ಹಿಂದೆ ಅಷ್ಟೊಂದು ಕಣ್ಣು ಬೇಡ. ಅಪ್ಪ ಜಾಲರಿಯ ಕಡೆ ಮುಖವೆತ್ತುತ್ತಾನೆ, ಪವಿತ್ರಾತ್ಮ ಪಾರಿವಾಳ ಕಣೇ, ಪಾರಿವಾಳಕ್ಕೆಲ್ಲಿಯ ಬೆನ್ನು. ಪಾರಿವಾಳಕ್ಕೆ ಬೆನ್ನಿಲ್ವಾ, ಬೆಳ್ಳುಳ್ಳಿ ಹಾಕಿ ಹುರಿದಾಗ ಮಾತ್ರ ಇರುತ್ತಲ್ಲ ನಿನಗೆ, ಎಂದು ಅಮ್ಮ ನಗುತ್ತಾಳೆ, ನಗು ಅರ್ಧಕ್ಕೆ ಕೆಮ್ಮಾಗುತ್ತದೆ, ಕೆಮ್ಮು ಮುಗಿಯುವುದಿಲ್ಲ, ಅಪ್ಪ ಸುತ್ತಿಗೆ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಕಾಯುತ್ತಾನೆ, ಅವಳೂ ಕಾಯುತ್ತಾಳೆ, ನೂಲಿನ ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದ ಪುಪ್ಪುಸ, ಅಷ್ಟು ವರ್ಷ ಕುಡಿದದ್ದು ಈಗ ಒಂದೊಂದಾಗಿ ಲೆಕ್ಕ ಕೇಳುತ್ತಿದೆ, ಡಾಕ್ಟರು ಅಪ್ಪನನ್ನು ಬಾಗಿಲಾಚೆ ಕರೆದು ಏನೋ ಹೇಳಿದ್ದರು, ಅಪ್ಪ ಒಳಗೆ ಬಂದು ಔಷಧಿ ಬದಲಾಯಿಸಿದ್ದಾರೆ ಅಷ್ಟೇ ಎಂದಿದ್ದ, ಮನೆಯಲ್ಲಿ ಮೂರೇ ಜನ, ಮೂವರಿಗೂ ಗೊತ್ತು, ಮೂವರೂ ಔಷಧಿ ಬದಲಾಯಿಸಿದ್ದಾರೆ ಎನ್ನುತ್ತಾರೆ. ಕೆಮ್ಮು ನಿಂತಿತು. ಟಕ್, ಒಂದೇ ಸಲ, ಇದ್ದೀನಿ ಎಂದು. ಅಪ್ಪ ಸುತ್ತಿಗೆಯಿಂದ ಮೇಲಿನ ತೊಲೆಗೆ ಒಂದು ಕುಟ್ಟಿದ, ನಾವೂ ಇದ್ದೀವಿ.

ಹರಕೆ ಅಮ್ಮನದು. ಝುಲ್ಮೀರಾಗೆ ಹತ್ತು ವರ್ಷ ಆಗ, ಸಮುದ್ರದೊಳಗಿಂದ ಬೆಟ್ಟ ಎದ್ದು ಹೊಗೆ ಕಾರಿ, ಹಗಲೇ ಕತ್ತಲಾಗಿ ಬೂದಿ ಸುರಿಯಿತು, ಮೊದಲು ಹಿಟ್ಟಿನ ಹಾಗೆ, ಆಮೇಲೆ ಮರಳಿನ ಹಾಗೆ, ಅಪ್ಪ ಸೂರಿನ ಮೇಲೆ ನಿಂತು ಸಲಿಕೆಯಿಂದ ಬೂದಿ ಎಳೆಯುತ್ತಾನೆ, ಎಳೆದಷ್ಟೂ ಬೀಳುತ್ತದೆ, ಊರವರು ಕಿರೀಟವನ್ನು ಹೊತ್ತು ಹೊಗೆಯ ಕಡೆಗೇ ಹಾಡುತ್ತ ನಡೆಯುತ್ತಾರೆ, ಕಿರೀಟದ ಮೇಲೂ ಬೂದಿ, ಅದರ ತುದಿಯ ಪಾರಿವಾಳದ ಮೇಲೂ ಬೂದಿ, ಅಮ್ಮ ಬಾಗಿಲ ಮುಂದೆ ಮಂಡಿಯೂರಿ, ಮಗಳೂ ಗಂಡನೂ ಉಳಿದರೆ ನಿನ್ನನ್ನು ನನ್ನ ಮನೆಗೆ ಕರೀತೀನಿ, ನನ್ನದೇ ಸೂರಿನಡಿ, ವಾರ ಇಟ್ಟುಕೊಂಡು ಊಟ ಹಾಕಿ ಕಳಿಸ್ತೀನಿ, ಎಂದು ಕೂಗಿ ಹೇಳಿದಳು, ಪಿಸುಗುಟ್ಟಿದರೆ ಆ ಸದ್ದಿನಲ್ಲಿ ಕೇಳುವುದಿಲ್ಲವೆಂದು ಕೂಗಿದಳು. ಎಲ್ಲರೂ ಉಳಿದರು. ಸೂರು ಉಳಿಯಲಿಲ್ಲ. ಕರಿಕಲ್ಲಿನ ಗೋಡೆಗಳು ನಿಂತೇ ಇದ್ದವು, ನಡುವೆ ಬೂದಿ ತುಂಬಿತ್ತು, ಆಮೇಲೆ ಹಡಗು, ಆಮೇಲೆ ಈ ಊರು, ಬಾಡಿಗೆಯ ಮೂರನೇ ಮಹಡಿ, ಬಾಡಿಗೆಯ ಎರಡನೇ ಮಹಡಿ, ಬೇರೆಯವರ ಸೂರಿನಡಿ ಕರೆದರೆ ಹರಕೆ ತೀರುವುದಿಲ್ಲ ಎಂದು ಅಮ್ಮ ಚೀಟಿಯಲ್ಲಿ ಹೆಸರೇ ಬರೆಸಲಿಲ್ಲ, ಈ ಮನೆ ಕೊಂಡ ಮೇಲೆ ಬರೆಸಿದಳು, ವರ್ಷ ವರ್ಷ ಟೋಪಿಯೊಳಗಿಂದ ಬೇರೆಯವರ ಹೆಸರೇ ಎದ್ದು ಬಂತು, ಈ ಸಲ ಬಂತು, ಎರ್ಮೀನಿಯಾ ಎಂದು ಓದಿದಾಗ ಅಮ್ಮ ಸಭೆಯಲ್ಲಿ ಎದ್ದು ನಿಲ್ಲಲು ಹೋಗಿ ಉಸಿರು ಸಾಲದೆ ಕುಳಿತುಬಿಟ್ಟಳು. ಹರಕೆ ತೀರಿಸದೆ ಹೋದವರು ಹೋಗುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ, ಫಾಯಲ್‌ನಲ್ಲಿ ಪಕ್ಕದ ಮನೆಯ ಮುದುಕಿ ಸತ್ತ ಮೇಲೂ ಇಗರ್ಜಿಯ ದಾರಿಯಲ್ಲಿ ಮೇಣದಬತ್ತಿ ಕೇಳುತ್ತ ನಿಂತಿರುತ್ತಿದ್ದಳಂತೆ, ತನ್ನ ಹರಕೆ ಯಾರಾದರೂ ತೀರಿಸಲೆಂದು, ಅಮ್ಮನೇ ಕಥೆ ಹೇಳಿ ಅವಳನ್ನು ಹೆದರಿಸುತ್ತಿದ್ದಳು, ಈಗ ಅಮ್ಮ ಆ ಕಥೆ ಹೇಳುವುದಿಲ್ಲ. ಅಮ್ಮನೂ ಹಾಗೇ ಈ ಗೋಡೆಯ ಮುಂದೆ, ಅಲ್ಲಿ, ಮೆಟ್ಟಿಲ ಬುಡದಲ್ಲಿ, ಆ ಉಸಿರು ಎಳೆದುಕೊಂಡು ನಿಂತು, ಝುಲ್ಮೀರಾ, ಬಾಗಿಲು ತೆಗಿ — ಬೇಡ.

ಹಾಗಾದರೆ ಬರಿ ಗೋಡೆಯ ಮುಂದೆಯೇ ಇಡಬಹುದಿತ್ತಲ್ಲ, ಎಂದು ಒಂದು ಮನಸ್ಸು ಕೇಳುತ್ತದೆ, ಅದೇ ಮನಸ್ಸು ತಾನೇ ಉತ್ತರ ಕೊಡುತ್ತದೆ, ಇದ್ದಿಲ ಗೂಡಿನಲ್ಲಿ ದೇವರನ್ನು ಕೂರಿಸಿದ ಹಾಗೆ, ಬೀದಿಯಿಡೀ ಹಾಡಿಕೊಳ್ಳುತ್ತದೆ, ಅಮ್ಮನಿಗೆ ಅದು ಹರಕೆ ತೀರಿಸಿದ ಹಾಗಲ್ಲ, ಹರಕೆಯನ್ನು ಮೂಲೆಗೆ ಎಸೆದ ಹಾಗೆ. ಮೇಲಿನ ಕೋಣೆಗಳಲ್ಲಿ ಹತ್ತು ಜನ ನಿಂತರೆ ಹನ್ನೊಂದನೆಯವನು ಅಮ್ಮನ ಹಾಸಿಗೆಯ ಮೇಲೆ ಕೂರಬೇಕು. ಇಲ್ಲೇ ಆಗಬೇಕು, ಹೀಗೇ ಆಗಬೇಕು. ಆದರೆ ಸುಳ್ಳಿನ ಮುಂದೆ ಕೂರುತ್ತದೆಯೇ ಕಿರೀಟ, ಪಾರಿವಾಳಕ್ಕೆ ಹಲಗೆಯ ಹಿಂದೆ ಕಾಣುವುದಿಲ್ಲವೇ, ತೀರಿತು ಎಂದುಕೊಂಡ ಹರಕೆ ತೀರದೇ ಉಳಿದರೆ, ಅವಳ ದೆಸೆಯಿಂದ, ಒಂದು ಚಿಕ್ಕ ಮಾತಿನ ದೆಸೆಯಿಂದ — ಈಗಲೇ ಹೇಳಿಬಿಡು, ಅಪ್ಪ, ಗೋಡೆ ಒದ್ದೆ ಇದೆ, ಬಾಯಿ ತೆರೆಯುತ್ತಾಳೆ, ಅಪ್ಪ ಹಲಗೆ ಕೊಡು ಎನ್ನುತ್ತಾನೆ, ಹಲಗೆ ಕೊಡುತ್ತಾಳೆ. ಹೊರಗೆ ಮಳೆ ಶುರುವಾಗಿದೆ. ಸೂರಿನಡಿಯ ಚಿಕ್ಕ ಕಿಟಕಿಯ ಗಾಜಿಗೆ ಮಣ್ಣಿನ ಮಟ್ಟದಿಂದಲೇ ಹನಿ ಸಿಡಿಯುತ್ತಿದೆ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಅಪ್ಪನದಲ್ಲ, ಪಟಪಟ, ಬಲ್ಬೀನತ್ತೆ, ಇದೇ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಗಿರುವವಳು, ಅದೇ ದ್ವೀಪದವಳು, ಕೈತುಂಬ ಬಿಳಿ ಕಾಗದದ ಹೂ. ಏನಪ್ಪಾ ಎವರಿಸ್ತು, ಇನ್ನೂ ಇಷ್ಟೇನಾ, ನಿನ್ನ ಗೋಡೆ ಮುಗಿಯೋ ಹೊತ್ತಿಗೆ ಕಿರೀಟಕ್ಕೆ ತುಕ್ಕು ಹಿಡಿಯುತ್ತೆ. ಬೆಳ್ಳಿಗೆ ತುಕ್ಕು ಹಿಡಿಯಲ್ಲ ಬಲ್ಬೀನಾ, ನಿನ್ನ ನಾಲಿಗೆಗೆ ಹಿಡಿಯೋದಾದ್ರೆ ನಾನೂ ಒಂದು ಹರಕೆ ಹೊರ್ತೀನಿ. ಅವಳು ನಗುವುದಿಲ್ಲ, ಮೂಗರಳಿಸುತ್ತಾಳೆ, ಇತ್ತ ತಿರುಗಿ, ಅತ್ತ ತಿರುಗಿ, ಇದೇನೇ ವಾಸನೆ, ಬಾವಿಯೊಳಗೆ ಬಗ್ಗಿ ನೋಡಿದ ಹಾಗಿದೆ. ಹಸಿ ಮರದ್ದು ಅತ್ತೆ, ಅನ್ನುತ್ತಾಳೆ ಝುಲ್ಮೀರಾ, ದನಿ ತನ್ನದೇ ಅನ್ನಿಸುವುದಿಲ್ಲ. ಮರದ್ದಾ, ನಮ್ಮಪ್ಪ ಪೀಪಾಯಿ ಮಾಡ್ತಿದ್ದ, ಮರದ ವಾಸನೆ ನಂಗೆ ಹೇಳ್ಕೊಡ್ತೀಯಾ, ಸರಿ ಆ ಕಡೆ, ಮುಟ್ಟಿ ನೋಡ್ತೀನಿ. ಅಪ್ಪನ ಸುತ್ತಿಗೆ ನಿಂತಿದೆ. ಬಲ್ಬೀನತ್ತೆಯ ಕೈ ಬರುತ್ತಿದೆ, ಹಿಟ್ಟು ಮೆತ್ತಿದ ಕೈ, ಸತ್ತಿರದ ಬೆರಳುಗಳು, ಹಿಟ್ಟಿನ ಹದವನ್ನೂ ಜ್ವರವನ್ನೂ ಮುಟ್ಟಿಯೇ ಹೇಳುವ ಬೆರಳುಗಳು, ಝುಲ್ಮೀರಾ ಒಂದು ಹೆಜ್ಜೆ ಹಿಂದೆ ಸರಿದು ರೀಪುಗಳ ನಡುವಿನ ಬರಿ ಗೋಡೆಗೆ ಬೆನ್ನು ಒತ್ತಿ ನಿಂತುಬಿಡುತ್ತಾಳೆ, ಕೈಗಳನ್ನು ಚಾಚಿ, ಬೇಡ ಅತ್ತೆ, ಸಿಬಿರು ಚುಚ್ಚುತ್ತೆ, ಈಗಷ್ಟೇ ಅಪ್ಪನಿಗೆ ರಕ್ತ ಬಂತು. ಗೋಡೆಯ ತಂಪು ಬೆನ್ನಿಗೆ ಇಳಿಯುತ್ತದೆ, ಮೊದಲು ಎರಡು ಭುಜದ ನಡುವೆ, ಆಮೇಲೆ ಬೆನ್ನುಹುರಿಯುದ್ದಕ್ಕೂ, ತಣ್ಣಗಲ್ಲ ಇದು, ಒದ್ದೆ, ಅಂಗಿ ಕುಡಿಯುತ್ತಿದೆ. ಏನೇ ಇದು, ಶಿಲುಬೆಗೆ ಹೊಡೆದೋರ ಹಾಗೆ ನಿಂತಿದೀಯ, ಅನ್ನುತ್ತಾಳೆ ಬಲ್ಬೀನತ್ತೆ, ಈ ವಯಸ್ಸಿಗೆ ಮದುವೆಯಾಗದ ಹುಡುಗೀರಿಗೆ ಹೀಗೇ ಆಗೋದು, ಗೋಡೇನ ತಬ್ಕೋತಾರೆ. ಅಪ್ಪ ಗೊಳ್ಳೆಂದು ನಗುತ್ತಾನೆ. ಅವಳೂ ನಗುತ್ತಾಳೆ, ನಗುವಾಗ ಬೆನ್ನು ಇನ್ನಷ್ಟು ಒತ್ತುತ್ತದೆ. ಅಷ್ಟರಲ್ಲಿ ಮೇಲಿನಿಂದ ಟಕ್ ಟಕ್, ಬಲ್ಬೀನಾ, ಹಿಟ್ಟು ಉಬ್ಬಿ ಪಾತ್ರೆಯಿಂದ ಇಳೀತಿದೆ, ಬಾರೇ, ಅಯ್ಯೋ ನನ್ನ ಸಿಹಿ ಬ್ರೆಡ್ಡು, ಎಂದು ಬಲ್ಬೀನತ್ತೆ ಹೂಗಳನ್ನು ಸ್ಟೂಲಿನ ಮೇಲೆ ಸುರಿದು ಪಟಪಟ ಹತ್ತಿ ಹೋದಳು, ಅಮ್ಮ, ಗೊತ್ತಿಲ್ಲದೆ ಕಾಪಾಡಿದ ಅಮ್ಮ.

ಇನ್ನು ಬೆನ್ನು ತೋರಿಸಬಾರದು. ಅಂಗಿ ಮೈಗೆ ಅಂಟಿದೆ, ನೀಲಿ ಅಂಗಿ, ಒದ್ದೆಯಾದರೆ ಕಪ್ಪಾಗುವ ಬಟ್ಟೆ, ಯಾಕೆ ಇದನ್ನೇ ಹಾಕಿಕೊಂಡೆ, ಹಲಗೆಯ ರಾಶಿಯ ಕಡೆ ಏಡಿಯ ಹಾಗೆ ಅಡ್ಡಡ್ಡ ಹೋಗುತ್ತಾಳೆ, ಅಡ್ಡಡ್ಡ ಬರುತ್ತಾಳೆ, ಅಪ್ಪ ಹುಬ್ಬೇರಿಸುತ್ತಾನೆ, ಸೊಂಟ ಹಿಡೀತಾ, ಹೂಂ ಅಪ್ಪ, ಸ್ವಲ್ಪ, ನಮ್ಮ ವಂಶಕ್ಕೇ ಸೊಂಟ ಇಲ್ಲ ಬಿಡು, ಹೊಡಿ, ಹಿಡಿ, ಹೊಡಿ, ಹಲಗೆಗಳು ಮೂಲೆಯ ಕಡೆಗೆ ನಡೆಯುತ್ತಿವೆ, ಪ್ರತಿ ಹಲಗೆಗೂ ಬರಿ ಗೋಡೆ ಕಡಿಮೆಯಾಗುತ್ತದೆ, ಉಸಿರು ಸ್ವಲ್ಪ ಸ್ವಲ್ಪ ಸಡಿಲುತ್ತದೆ, ಅಪ್ಪ ತೂಗುಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾನೆ, ನೆಟ್ಟಗೆ, ಮೇಣದಬತ್ತಿಯ ಹಾಗೆ ನೆಟ್ಟಗೆ, ಕಣ್ಣು ಇನ್ನೂ ಸತ್ತಿಲ್ಲ, ಮೂಲೆಗೆ ಒಂದೇ ಹಲಗೆಯ ಜಾಗ ಉಳಿಯಿತು, ಒಂದೇ, ಮೇಲಿಂದ ಕೆಳಗಿನವರೆಗೆ ಒಂದು ಕಪ್ಪು ಪಟ್ಟಿ, ಇದೊಂದು ಮುಚ್ಚಿದರೆ ಮುಗಿಯಿತು, ಇದೊಂದು, ಸಂಜೆಯೊಳಗೆ ಪೀಠ ಕಟ್ಟಬೇಕು, ಬಿಳಿ ಬಟ್ಟೆ ಇಸ್ತ್ರಿ ಮಾಡಬೇಕು, ಅಮ್ಮನ ಕಪ್ಪು ಲಂಗದ ಸೊಂಟ ಹಿಡಿದು ಹೊಲಿಯಬೇಕು, ನಾಳೆ ಅಮ್ಮನನ್ನು ಕುರ್ಚಿಯಲ್ಲೇ ಇಳಿಸಬೇಕು, ಬಲ್ಬೀನತ್ತೆಯ ಗಂಡ ಮುಂದಿನ ಕಾಲು, ಅಪ್ಪ ಹಿಂದಿನ ಕಾಲು, ಅಪ್ಪನ ಕೈಗೆ ಹಿಡಿತ ತಪ್ಪಿದರೆ, ತಾನೇ ಹಿಡಿಯಬೇಕು, ನಾನೇ ಹಿಡಿಯುತ್ತೇನೆ, ಎಂದುಕೊಳ್ಳುತ್ತ ಕೊನೆಯ ಹಲಗೆ ಎತ್ತಿಕೊಳ್ಳಲು ಬಗ್ಗಿದಳು. ಬಗ್ಗಿದಳು. ದೀಪದ ಕಡೆ ಬೆನ್ನು ಮಾಡಿ. ಗೊತ್ತಾಗುವಷ್ಟರಲ್ಲಿ ಬಗ್ಗಿ ಆಗಿತ್ತು, ಹಲಗೆಯ ತುದಿ ಕೈಯಲ್ಲಿತ್ತು, ಹಿಂದೆ ಏನೂ ಸದ್ದಿಲ್ಲ, ಸುತ್ತಿಗೆಯಿಲ್ಲ, ಮೊಳೆಗಳ ಕಿಣಿಕಿಣಿಯಿಲ್ಲ, ಅಪ್ಪನ ಬಾಯಲ್ಲಿ ಒಂದು ಹಾಡಿನ ತುಣುಕಿತ್ತಲ್ಲ, ಅದೂ ಇಲ್ಲ.

ತಿರುಗುತ್ತಾಳೆ. ಅಪ್ಪ ಅವಳನ್ನು ನೋಡುತ್ತಿಲ್ಲ, ನೋಡಿ ಆಗಿದೆ, ತುಟಿಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಗೆ ಹಾಕಿಕೊಳ್ಳುತ್ತಿದ್ದಾನೆ, ಜೇಬಿಗೆ ಸುರಿಯುತ್ತಾನೆ, ಆ ಕಪ್ಪು ಪಟ್ಟಿಯ ಹತ್ತಿರ ಹೋಗುತ್ತಾನೆ, ಅಂಗೈ ಊರುತ್ತಾನೆಂದು ಅವಳು ಕಾಯುತ್ತಾಳೆ, ಊರಲಿ, ಊರಿದರೆ ಏನೂ ಗೊತ್ತಾಗುವುದಿಲ್ಲ, ದೇವರೇ ಅಂಗೈ ಊರಲಿ, ಅವನು ಅಂಗೈ ಎತ್ತುವುದಿಲ್ಲ, ಟೋಪಿ ತೆಗೆಯುತ್ತಾನೆ, ಬಗ್ಗಿ, ರೀಪುಗಳ ನಡುವೆ ಮುಖ ತೂರಿಸಿ, ಕೆನ್ನೆಯನ್ನು ಗೋಡೆಗೆ ಇಡುತ್ತಾನೆ. ಅಂಗೈಯಲ್ಲ, ಕೆನ್ನೆ. ಕ್ಷೌರದ ಬ್ಲೇಡಿನ ಉರಿಯನ್ನು ಈಗಲೂ ಬೈಯುವ ಕೆನ್ನೆ. ಹಾಗಾದರೆ ಅವನಿಗೆ ಗೊತ್ತು, ತನ್ನ ಕೈ ಸತ್ತಿದೆಯೆಂದು, ಬೆಳಿಗ್ಗೆಯೂ ಗೊತ್ತಿತ್ತು, ಆ ಸತ್ತ ಕೈಯನ್ನು ಗೋಡೆಗಿಟ್ಟು ಅವಳ ಮಾತಿನ ಮೇಲೆ ಒಣಗಿದೆ ಎಂದಿದ್ದ, ಅವಳ ಮಾತೊಂದರ ಮೇಲೆ. ಅಪ್ಪ — ಎನ್ನುತ್ತಾಳೆ. ಟಕ್ ಟಕ್. ಸುತ್ತಿಗೆ ಯಾಕೆ ನಿಂತಿತು ಎವರಿಸ್ತೂ, ಅಮ್ಮ, ಜಾಲರಿಯಿಂದ, ಒಂದೊಂದು ಪದಕ್ಕೂ ಒಂದೊಂದು ಉಸಿರು, ಗೋಡೆಗೆ ಏನಾಯ್ತು? ಅಪ್ಪ ಕೆನ್ನೆ ತೆಗೆಯುವುದಿಲ್ಲ, ಕಣ್ಣು ಮುಚ್ಚಿದ್ದಾನೆ, ಗೋಡೆಯೊಳಗಿನ ಯಾವುದೋ ಮಾತು ಕೇಳಿಸಿಕೊಳ್ಳುತ್ತಿರುವ ಹಾಗೆ, ಎಷ್ಟು ಹೊತ್ತು, ಈಗ ಹೇಳುತ್ತಾನೆ, ಚೀಟಿ ವಾಪಸು ಎನ್ನುತ್ತಾನೆ, ಒಂದು ಗೋಡೆಗೂ ಸುಳ್ಳು ಹೇಳದವನು, ಈಗ, ಅವಳು ಹಲಗೆಯನ್ನು ಎದೆಗೆ ಒತ್ತಿ ಹಿಡಿದಿದ್ದಾಳೆ. ಏನಿಲ್ಲ ಕಣೇ, ಅನ್ನುತ್ತಾನೆ ಅಪ್ಪ, ಗಟ್ಟಿಯಾಗಿ, ಮೇಲೆ ಕೇಳುವ ಹಾಗೆ, ಕೊನೇ ಹಲಗೆಗೆ ಮುಂಚೆ ಗೋಡೆ ನೋಡ್ತಿದ್ದೆ, ಒಣಗಿದೆ, ಸುಣ್ಣದ ಹಾಗೆ ಒಣಗಿದೆ. ಆಮೇಲೆ ನೆಟ್ಟಗೆ ನಿಂತ, ಅವಳ ಕಡೆ ತಿರುಗಿದ, ಜಾಲರಿಯ ಕಡೆ ಒಮ್ಮೆ ಕಣ್ಣೆತ್ತಿ ದನಿ ತಗ್ಗಿಸಿದ, ಒದ್ದೆ ಗೋಡೆ ಮೇಲೆ ಪೈನ್ ಎರಡು ಚಳಿಗಾಲ ತಡೆಯುತ್ತೆ ಮಗಳೇ. ಅಷ್ಟು ಬೇಕಾಗಲ್ಲ. ಹಲಗೆ ಕೊಡು.

ಕೊಡುತ್ತಾಳೆ. ನಾಲಿಗೆ ಬಾಯೊಳಗೆ ಕೂತಿತು, ಒಂದೇ ಗುದ್ದಿಗೆ, ಹೂಗಳನ್ನು ಎಣಿಸಬೇಕು, ಬಿಳಿ ಬಟ್ಟೆ, ಇಸ್ತ್ರಿ, ಕುರ್ಚಿಯ ಹಿಂದಿನ ಕಾಲು, ಮೇಲೆ ಬ್ರೆಡ್ಡು ಬೇಯುವ ವಾಸನೆ, ನಿಂಬೆ ಸಿಪ್ಪೆ, ಮೊಟ್ಟೆ, ಅಮ್ಮ ಬಲ್ಬೀನತ್ತೆಗೆ ಏನೋ ಹೇಳಿ ನಗುತ್ತಿದ್ದಾಳೆ, ಅದನ್ನು ಕೇಳಿಸಿಕೋ, ಅದನ್ನು ಕೇಳಿಸಿಕೋ ಅಂದರೆ — ಅಪ್ಪನ ಕೆನ್ನೆ, ಬೂದು ಬಣ್ಣದ ಒದ್ದೆ, ಎಡಗೆನ್ನೆಯಿಡೀ, ಬಿಳಿ ಗಡ್ಡದ ಮೊಳಕೆಗಳ ನಡುವೆ ಸಿಮೆಂಟಿನ ನೀರು, ಅವನಿಗೆ ಗೊತ್ತಾಗುತ್ತಿದೆ, ಆ ಜಾಗಕ್ಕೆ ಎಲ್ಲ ಗೊತ್ತಾಗುತ್ತದೆ, ಒರೆಸಿಕೊಳ್ಳುತ್ತಿಲ್ಲ, ಮೊಳೆ ಇಟ್ಟ, ಹೊಡೆದ, ಹಲಗೆ ಭದ್ರವಾಯಿತು, ಗೋಡೆ ಇನ್ನಿಲ್ಲ, ಎಲ್ಲಿ ನೋಡಿದರೂ ಜೇನಿನ ಬಣ್ಣ, ನಾಳೆ ಎಷ್ಟು ಚಂದ ಎನ್ನುತ್ತಾರೆ, ಯಾರು ಎನ್ನುತ್ತಾರೆ, ಎಲ್ಲರೂ, ಬಿಳಿ ಬಟ್ಟೆ, ಇಸ್ತ್ರಿ, ಅವನ ಕೆನ್ನೆ, ಒಂದು ಹನಿ ದವಡೆಯ ಅಂಚಿಗೆ ಬಂದು ನಿಂತಿದೆ, ಬೀಳುವುದಿಲ್ಲ, ಇಸ್ತ್ರಿ, ಹೂ, ಕೆನ್ನೆ, ಸುತ್ತಿಗೆ ಏಳುತ್ತದೆ, ಇಳಿಯುತ್ತದೆ, ಅಷ್ಟು ಬೇಕಾಗಲ್ಲ, ಹನಿ ಅಲ್ಲೇ ಇದೆ, ಒದ್ದೆ ಕೆನ್ನೆ, ಅವನು ಒರೆಸಿಕೊಳ್ಳದ ಕೆನ್ನೆ, ಅದರ ಅಂಚಿನಲ್ಲಿ ಹನಿ